ಹೊಳೆಯಲ್ಲಿ ಮೀಯುತ್ತಿದ್ದ ಜೀಪು

ಮೊನ್ನೆ ಕಡಲಬದಿಯ ಕೋಡಿ ಊರಿನ ಕಡೆ ಹೋಗಿದ್ದೆ. ಮರಳಿನ ಮೇಲೆ ಹಳೆಯ ದೋಣಿಯೊಂದನ್ನು ಕವುಚಿ ಹಾಕಿ ಮೀನೆಣ್ಣೆ ಬಳಿಯುತ್ತಿದ್ದರು. ಜೊತೆಗಿದ್ದ ಗೆಳತಿ ಮೂಗಿಗೆ ಸೆರಗು ಹಿಡಿದು ದೂರ ಸರಿದಳು. ನಾನು ಅಲ್ಲೇ ನಿಂತು ಉಸಿರು ತುಂಬ ಎಳೆದುಕೊಂಡೆ. ನಿಮಗೆ ಮಲ್ಲಿಗೆಯೋ ಸಂಪಿಗೆಯೋ ತವರನ್ನು ನೆನಪಿಸಬಹುದು; ನನಗೆ ಮೀನೆಣ್ಣೆಯೇ ಆಗಬೇಕು. ಅದು ನಮ್ಮ ಶೀನ ಮಾವನ ಜೀಪಿನ ವಾಸನೆ.

ಶೀನ ಮಾವ ಎಂದರೆ ಅಮ್ಮನ ತಮ್ಮ. ಸಾಸ್ತಾನದಿಂದ ಪಡುವಣಕ್ಕೆ, ಹೊಳೆಬದಿಯಲ್ಲಿ ನಮ್ಮ ಮನೆ. ಅಳಿಯಸಂತಾನದ ಕಟ್ಟಾದ್ದರಿಂದ ಮನೆ ಅಮ್ಮನದು, ಯಜಮಾನಿಕೆ ಮಾವನದು, ಕೊನೆಯ ಮಾತು ಮತ್ತೆ ಅಮ್ಮನದು. ಮಾವ ಮದುವೆಯಾಗಲಿಲ್ಲ. ಅವರ ಪ್ರೀತಿಯೆಲ್ಲ ಕಂಬಳದ ಒಂದು ಜೊತೆ ಕೋಣಗಳ ಮೇಲೆ. ನೇಗಿಲಿಗಿಲ್ಲ, ಗಾಡಿಗಿಲ್ಲ, ವರ್ಷಕ್ಕೆ ಒಂದೆರಡು ದಿನ ಕೆಸರುಗದ್ದೆಯಲ್ಲಿ ಓಡುವ ಆ ಮಹಾರಾಜರಿಗೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ಸಂಜೆ ಹೊಳೆಯಲ್ಲಿ ಸ್ನಾನ. ನಮಗೆ ಗಂಜಿ, ಉಪ್ಪಿನಕಾಯಿ. ಇದನ್ನು ಮನೆಯಲ್ಲಿ ಯಾರೂ ಅನ್ಯಾಯ ಎನ್ನಲಿಲ್ಲ. ಕೋಣ ಸಾಕುವವನ ಹತ್ತಿರ ಲಾಭ ಎಷ್ಟು ಎಂದು ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ.

ಒಂದು ಮಳೆಗಾಲ ರೋಗ ಬಂದು ಎರಡೂ ಹೋದವು. ಚಾವಡಿಯ ಕಂಬಕ್ಕೆ ಒರಗಿ ಕುಳಿತ ಮಾವ ಏಳಲೇ ಇಲ್ಲ. ಎಲೆಯಡಿಕೆ ಬಿಟ್ಟರು, ಮಾತು ಬಿಟ್ಟರು, ಕೊನೆಗೆ ಅನ್ನವನ್ನೂ ಬಟ್ಟಲಲ್ಲಿ ಅರ್ಧ ಬಿಟ್ಟು ಕೈತೊಳೆಯತೊಡಗಿದರು. "ಇವ ನಮ್ಮ್ ಕೈ ತಪ್ಪಿ ಹೋತ ಹೆಣ್ಣೆ" ಎಂದು ಅಮ್ಮ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ನನಗೂ ಹೆದರಿಕೆಯಾಗಿತ್ತು.

ಹೀಗಿದ್ದ ಮಾವ ಒಂದು ದಿನ ಯಾರದೋ ಒತ್ತಾಯಕ್ಕೆ ಮಂಗಳೂರಿಗೆ ಹೋದವರು, ಮಿಲಿಟರಿಯವರು ಎಂದೋ ಹರಾಜು ಹಾಕಿದ್ದ ಜೀಪೊಂದನ್ನು ಕೊಂಡು ಬಂದರು. ಯುದ್ಧ ಕಂಡ ಜೀಪಂತೆ. ಸೋತ ಪಕ್ಷದ್ದಿರಬೇಕೆಂದು ನನ್ನ ಅನುಮಾನ. ಬಾಗಿಲಿಲ್ಲ, ಹಾರ್ನಿಲ್ಲ, ಹಾರ್ನಿನ ಬದಲು ಮಾವನೇ ತಲೆ ಹೊರಗೆ ಹಾಕಿ "ಹ್ವಾಯ್!" ಎನ್ನುತ್ತಿದ್ದರು.

ಏನೇ ಆಗಲಿ, ಮಾವ ಎದ್ದರು. ಬಾಯಿ ಮತ್ತೆ ಕೆಂಪಾಯಿತು. ಸಂಜೆಯಾದರೆ ಜೀಪನ್ನು ಮೆಲ್ಲಗೆ ಹೊಳೆಗಿಳಿಸಿ, ಕೋಣಗಳನ್ನು ಮೀಯಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಸ್ನಾನ ಮಾಡಿಸುವರು. ನಮ್ಮ ಹೊಳೆಗೆ ಸಮುದ್ರ ಹತ್ತಿರ. ಭರತದ ಹೊತ್ತಿನಲ್ಲಿ ಕಡಲು ಉಕ್ಕಿ ಒಳಬಂದರೆ ನೀರು ಬಾಯಿಗಿಡುವಂತಿಲ್ಲ. ನಾನಾಗ ಬ್ರಹ್ಮಾವರದ ಶಾಲೆಯಲ್ಲಿ ಹೊಸ ಟೀಚರು. ಕಂಡವರಿಗೆಲ್ಲ ಪಾಠ ಹೇಳುವ ಹುರುಪು. "ಉಪ್ಪ್ ನೀರ್ ಕಬ್ಬಿಣಕ್ಕೆ ಆತಿಲ್ಲೆ ಮಾವ" ಎಂದೆ.

"ಕೋಣ ಅಷ್ಟ್ ವರ್ಷ ಇಲ್ಲೇ ಮಿಂದದ್ದ್. ಅವಕ್ಕೆ ಎಂತ ಆಯ್ತ್?" ಎಂದರು ಮಾವ.

ಮರುವರ್ಷದ ಬೇಸಗೆಯಲ್ಲಿ ಬ್ರೇಕು ತುಳಿದ ಮಾವನ ಕಾಲು ಜೀಪಿನ ತಳ ಒಡೆದುಕೊಂಡು ನೇರ ರಸ್ತೆಗೇ ಮುಟ್ಟಿತು. ಕುಂದಾಪುರದ ಗ್ಯಾರೇಜಿನಲ್ಲಿ ತಗಡು ಬೆಸೆದರು. ಅಷ್ಟಾದರೂ ಸ್ನಾನ ನಿಲ್ಲಲಿಲ್ಲ. ಅದರ ಮೇಲೆ ಕೋಡಿಯಿಂದ ಮೀನೆಣ್ಣೆ ತಂದು, ದೋಣಿಗೆ ಬಳಿದ ಹಾಗೆ ಬಳಿಯುವುದೂ ಸುರುವಾಯಿತು. ಅದರಲ್ಲಿ ಕುಳಿತು ನಾನು ಶಾಲೆಗೆ ಹೋದರೆ ಊರಿನ ಬೆಕ್ಕುಗಳೆಲ್ಲ ಗೇಟಿನವರೆಗೆ ಬಂದು ಬೀಳ್ಕೊಡುತ್ತಿದ್ದವು. ಮುಂದಿನ ಬೆಂಚಿನ ಮಕ್ಕಳು ಹೇಳದೆ ಕೇಳದೆ ಹಿಂದಿನ ಬೆಂಚಿಗೆ ಹೋಗುತ್ತಿದ್ದರು.

ಇತ್ತ ಅಡುಗೆಮನೆಯ ಮಾಡು ಸೋರುತ್ತಿತ್ತು. ಹೆಂಚು ಬದಲಿಸಲೆಂದು ಅಮ್ಮ ತೆಗೆದಿಟ್ಟದ್ದು ಒಮ್ಮೆ ಟಯರಿಗೆ ಹೋಯಿತು, ಇನ್ನೊಮ್ಮೆ ಗೇರಿಗೆ. ಅಮ್ಮನ ತಾಳ್ಮೆಯೂ ಜೀಪಿನ ತಳದ ಹಾಗೆ ಕಿತ್ತುಬಂತು. "ಇದ್ ಪೆಟ್ರೋಲ್ ಕುಡಿತ್ತ್, ಎಣ್ಣಿ ಕುಡಿತ್ತ್, ನನ್ನ್ ರಗ್ತವೂ ಕುಡಿತ್ತ್. ಮಾರ್ ಶೀನ, ಇವತ್ತೇ ಮಾರ್!" ದಿನವೂ ಇದೇ ಸುಪ್ರಭಾತ. ಕೊನೆಗೊಂದು ದಿನ ಮಾವ ಎದುರಾಡದೆ "ಆಯ್ತಕ್ಕ" ಎಂದುಬಿಟ್ಟರು.

ಬೈಂದೂರಿನ ವ್ಯಾಪಾರಿಯೊಬ್ಬರು ನೋಡಲು ಬರುವುದೆಂದು ಗೊತ್ತಾಯಿತು. ಅವರು ಬರುವ ದಿನ ಮಧ್ಯಾಹ್ನ ಮಾವ ಬಟ್ಟಲಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಹೋಗಿ ಹಿಂದಿನಂತೆಯೇ ಕಂಬಕ್ಕೆ ಒರಗಿದರು. ಅಮ್ಮ ಆ ಬಟ್ಟಲನ್ನು ಎತ್ತಲು ಬಾಗಿದವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಳು.

ವ್ಯಾಪಾರಿ ಬಂದರು, ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಶ್ಚರ್ಯವೆಂದರೆ ಅವರಿಗೆ ಅದು ಹಿಡಿಸಿತು! ಆಗ ಅಮ್ಮ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದಳು.

"ಹ್ವಾಯ್, ದೂರದಿಂದ ಬಂದ್ರಿ, ನಿಮಗೆ ಸುಳ್ ಹೇಳುಕಾಗ. ಇದ್ರ್ ತಳ ತೂತ್. ಏರ್ ಹತ್ತುದಿಲ್ಲೆ, ಇಳಿಜಾರಲ್ಲಿ ನಿಲ್ಲುದಿಲ್ಲೆ."

"ಹತ್ತುದಿಲ್ಲೆ ಅಂದ್ರೆ?" ಮಾವ ಕಂಬ ಬಿಟ್ಟು ಎದ್ದರು. "ಶಿರೂರ್ ಗುಡ್ಡಿ ಹತ್ತಿದ್ದಿಲ್ಯಾ?"

"ನಾವ್ ನೂಕಿದ್ದಕ್ಕೆ ಹತ್ತಿದ್ದ್!"

"ಅರ್ಧ ದಾರಿ ಮಾತ್ರ ನೂಕಿದ್ದ್ ಅಕ್ಕ! ಉಳಿದರ್ಧ ಅದೇ ಹತ್ತಿದ್ದ್!"

ಮಾರುವವನು ಹೊಗಳುತ್ತಿದ್ದ, ಮಾರಿಸುವವಳು ತೆಗಳುತ್ತಿದ್ದಳು. ಪಾಪ, ಆ ವ್ಯಾಪಾರಿ ಅವರ ಮುಖ ಇವರ ಮುಖ ನೋಡಿ, ಕೊಟ್ಟ ಬೆಲ್ಲ ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅಂಗಳದಲ್ಲಿ ಅಕ್ಕ ತಮ್ಮ ಇಬ್ಬರೇ ನಿಂತಿದ್ದರು. ಮಾವ ಏನೋ ಹೇಳಲು ಬಾಯಿ ತೆರೆದರು.

"ಎಂತ ಕಾಂತೆ ನನ್ನ್ ಮುಖ? ಹೊತ್ತ್ ಹೋಯ್ತ್. ಅದನ್ನ್ ಮೀಸ್ಕಂಡ್ ಬಾ, ಉಣ್ಣುಕೆ ಬಡಿಸ್ತೆ" ಎಂದು ಅಮ್ಮ ಒಳಗೆ ಹೋದಳು.

ಆ ವರ್ಷವೂ ಅಡುಗೆಮನೆ ಸೋರಿತು. ಸೋರುವಲ್ಲಿ ತಪಲೆ ಇಟ್ಟುಕೊಂಡು ಅಮ್ಮ ದೋಸೆ ಎರೆದಳು, ಎರೆಯುತ್ತಾ ಜೀಪಿಗೆ ಬೈದಳು. ಮಾವ ಬೈಗುಳ ಕೇಳುತ್ತಾ ಇನ್ನೊಂದು ದೋಸೆ ಹಾಕಿಸಿಕೊಂಡರು. ಅಷ್ಟು ಖರ್ಚಿಗೆ ಆ ಜೀಪು ಬಾಳುತ್ತಿತ್ತೇ ಎಂದು ನೀವು ಕೇಳಿದರೆ, ಖಂಡಿತ ಇಲ್ಲ. ಆದರೆ ತಮ್ಮ ಬಂದು ಹೊಟ್ಟೆ ತುಂಬ ಉಂಡರೆ ಅಮ್ಮನಿಗೆ ಸಾಕಾಗಿತ್ತು. ಅಂದು ಅವಳಿಗೆ ಸಿಟ್ಟಿನಲ್ಲಿ ವ್ಯಾಪಾರದ ಬುದ್ಧಿ ಕೆಟ್ಟಿತು ಎಂದೇ ನಾನು ಬಹಳ ವರ್ಷ ನಗೆಯಾಡಿಕೊಂಡು ಬಂದಿದ್ದೆ.

ನನಗೂ ಒಬ್ಬ ತಮ್ಮನಿದ್ದಾನೆ, ಮುಂಬಯಿಯಲ್ಲಿ. ಹೆಂಡತಿ ತೀರಿಹೋದ ಮೇಲೆ ಮನೆ ತುಂಬ ಹಳೆಯ ರೇಡಿಯೋಗಳನ್ನು ತಂದು ರಾಶಿ ಹಾಕಿಕೊಂಡಿದ್ದಾನೆ, ಒಂದಕ್ಕೂ ಬಾಯಿಲ್ಲ. ಫೋನು ಮಾಡಿದಾಗಲೆಲ್ಲ "ಆ ಗುಜರಿಗೆ ದುಡ್ಡ್ ಸುರೀಬೇಡ" ಎಂದು ಬೈಯುವುದು ನನ್ನ ವಾಡಿಕೆ. ಕೋಡಿಯಿಂದ ಬಂದ ಸಂಜೆ ಬೈಯಲಿಲ್ಲ.

"ಹೊಸತ್ ಎಂತಾರೂ ಸಿಕ್ಕಿತಾ?" ಎಂದೆ.

 "ಅಕ್ಕ, ಒಂಚೂರ್ ನಿಲ್ಲ್, ರೇಡಿಯೋ ಫೋನ್ ಹತ್ರ ತತ್ತೆ" ಎಂದ. ಏನೋ ಎಳೆದ ಸದ್ದು, ತಿರುಪಿದ ಸದ್ದು. ಮತ್ತೆ ದೀರ್ಘವಾಗಿ ಗರಗರ ಗರಗರ.

"ಕೇಂತಾ ಅಕ್ಕ?" ಅವನ ದನಿಯಲ್ಲಿ ಎಷ್ಟೋ ಕಾಲದ ಮೇಲೆ ನಗು ಇತ್ತು.

"ಕೇಂತ್ ಮಾರಾಯ," ಎಂದೆ. "ಇನ್ನೊಂಚೂರ್ ದೊಡ್ಡ ಮಾಡ್."