ಎಂಟನೇ ‘ಬಿ’ಯ ಒಕ್ಕೊರಲು

ಬೆಳಿಗ್ಗೆ ಆರೂವರೆಗೆ ಕೃಷ್ಣಮೂರ್ತಿಪುರಂನ ಆ ಅಡ್ಡರಸ್ತೆಯಲ್ಲಿ ಪೌರಕಾರ್ಮಿಕರ ಸೀಟಿ ಕೇಳುತ್ತದೆ. ಮೊದಲು ಉದ್ದಕ್ಕೆ ಒಂದು, ಆಮೇಲೆ ತುಂಡು ತುಂಡಾಗಿ ಎರಡು. ಸೀಟಿ ಕೇಳಿದೊಡನೆ ಬೆಟ್ಟಮ್ಮ ಒಣಕಸದ ಚೀಲ ಹಿಡಿದು ತಾವೇ ಗೇಟಿಗೆ ಬರುತ್ತಾರೆ. ಗಂಡನ ಕೈಗೆ ಕೊಡುವುದಿಲ್ಲ. ಚೀಲದೊಳಗೆ ಎರಡು ಬೆರಳಗಲಕ್ಕೆ ಹರಿದ ಕಾಗದದ ಚೂರುಗಳಿರುತ್ತವೆ. ಒಂದು ಹಾಳೆಯ ಅರ್ಧ ಈ ಸಲದ ಚೀಲಕ್ಕೆ, ಇನ್ನರ್ಧ ಮುಂದಿನ ಸಲಕ್ಕೆ.

“ಸರ್ಕಾರದ ಗುಟ್ಟೇನಾದ್ರೂ ಇದೆಯೇನೇ ಅದರಲ್ಲಿ?” ಬಸ್ ಡಿಪೋದ ಕೆಲಸಕ್ಕೆ ಹೊರಟ ದೊರೆಸ್ವಾಮಿ ಕೇಳುತ್ತಾರೆ. “ಹಾಲಿನ ಪ್ಯಾಕೆಟ್ ಮೇಲಿನ ತಾರೀಖನ್ನೂ ನಂಬದೋಳು ನೀನು.”

“ನಂಬಿ ಒಂದ್ಸಲ ಅನುಭವಿಸಿದ್ದೀನಿ, ಸಾಕು ಕಣ್ರೀ.”

ಆ ಒಂದು ಸಲ ಇಪ್ಪತ್ತಾರು ವರ್ಷಗಳ ಹಿಂದಿನದು. ಇಲವಾಲದ ಹತ್ತಿರದ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ನಿಂತು ಬಂದು ಓದಿದವರು ಬೆಟ್ಟಮ್ಮ. ಅವರ ವಂಶದಲ್ಲಿ ಗಣಿತದ ಪದವಿ ಪಡೆದ ಮೊದಲಿಗರು. ಮೊದಲು ಸೇರಿದ ಶಾಲೆಗೆ ತಪಾಸಣೆಗೆಂದು ಬಂದವರೊಬ್ಬರು, “ಮನಸ್ಸು ಬಿಚ್ಚಿ ಮಾತಾಡಿ ಮೇಡಂ, ನಮ್ಮನಮ್ಮಲ್ಲೇ ಇರುತ್ತೆ” ಎಂದಿದ್ದರು. ಒಂಬತ್ತನೆಯವರಿಗೆ ಪಾಠ ಅರ್ಧವೂ ಮುಗಿದಿಲ್ಲವೆಂದು ಆಗಿನ್ನೂ ಹೊಸಬಳಾಗಿದ್ದ ಹುಡುಗಿ ಬೆಟ್ಟಮ್ಮ ಹೇಳಿಬಿಟ್ಟಳು. ಹದಿನೈದು ದಿನದಲ್ಲಿ ಅವಳ ಮಾತುಗಳೇ ಟೈಪಾಗಿ, ಕಾರಣ ಕೇಳುವ ನೋಟಿಸಾಗಿ ಮೇಜಿನ ಮೇಲಿದ್ದವು. ಅಂದಿನಿಂದ ಬೆಟ್ಟಮ್ಮನವರು ಯಾರ ಮುಂದೆಯೂ ಏನನ್ನೂ ಬಿಚ್ಚಿಲ್ಲ.

ಈಗ ಅವರಿರುವುದು ದೇವರಾಜ ಮೊಹಲ್ಲಾದ ಒಂದು ಟ್ರಸ್ಟಿನ ಪ್ರೌಢಶಾಲೆಯಲ್ಲಿ. ಜೂನ್‌ನಲ್ಲಿ ಅಲ್ಲಿಗೆ ಚಂದ್ರಮೌಳಿ ಎಂಬ ಹೊಸ ಹೆಡ್‌ಮಾಸ್ಟರ್ ಬಂದರು. ಮೆತ್ತನೆ ಮಾತು, ತೆಳ್ಳನೆಯ ಮನುಷ್ಯ. ಬಂದ ವಾರವೇ ಪ್ರತಿಯೊಬ್ಬ ಶಿಕ್ಷಕರಿಗೂ ನೀಲಿ ರಟ್ಟಿನ ಒಂದು ಪುಸ್ತಕ ಕೊಟ್ಟರು. ಹೆಸರು ಹಿನ್ನೋಟ. ವಾರಕ್ಕೊಂದು ಪಾಠವನ್ನು ನೆನೆದು, ಎಲ್ಲಿ ಎಡವಿದೆ ಎಂದು ಶುಕ್ರವಾರ ಬರೆಯಬೇಕು.

“ಪಾಠಟಿಪ್ಪಣಿ ಥರ ನಾನು ಸಹಿ ಹಾಕಲ್ಲ. ಸುಮ್ನೆ ಓದ್ತೀನಿ” ಎಂದರು.

ಎಲ್ಲರಿಗೂ ಹೆದರಿಕೆ ಹುಟ್ಟಿದ್ದು ಆ ಮಾತಿಗೇ. ಸಹಿ ಇದ್ದರೆ ನೋಡಿದವರೂ ಪಾಲುದಾರರಾಗುತ್ತಾರೆ. ಸಹಿ ಇಲ್ಲದ ತಪ್ಪೊಪ್ಪಿಗೆ ಬರೆದವರದು ಮಾತ್ರ. ಅದೂ ಎಂಥ ಹೊತ್ತಿನಲ್ಲಿ! ಮಕ್ಕಳು ಕಡಿಮೆಯಾಗಿ, ಬರುವ ವರ್ಷ ಎರಡು ವಿಭಾಗಗಳನ್ನು ಒಂದು ಮಾಡುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ಇಬ್ಬರು ಗಣಿತ ಶಿಕ್ಷಕರಲ್ಲಿ ಒಬ್ಬರು ಉಳಿಯುತ್ತಾರೆ. ಇನ್ನೊಬ್ಬರು ಟ್ರಸ್ಟಿನ ಇಲವಾಲದ ಶಿಶುವಿಹಾರಕ್ಕೆ, ಬಣ್ಣ ಬಣ್ಣದ ಕುರ್ಚಿಗಳ ನಡುವೆ ಪದ್ಯ ಹೇಳಿಸಲು. ಬಸ್ಸಿನ ದೂರಕ್ಕೆ ಬೆಟ್ಟಮ್ಮ ಹೆದರಲಿಲ್ಲ. ಗಣಿತ ಕೈಬಿಟ್ಟುಹೋಗುತ್ತದಲ್ಲ ಎಂಬುದೇ ಅವರ ಎದೆಯಲ್ಲಿ ಕೂತಿತ್ತು.

ಇನ್ನೊಬ್ಬ ಗಣಿತ ಶಿಕ್ಷಕ ಅಮರೇಶ್. ಮೂವತ್ತು ದಾಟದ ಹುಡುಗ. ಹೆಡ್‌ಮಾಸ್ಟರ್ ಕೋಣೆಯಿಂದ ಆಗಾಗ ನಗುತ್ತಾ ಹೊರಬರುತ್ತಿದ್ದ.

“ಮೇಡಂ, ‘ಸಮಯದ ಅಭಾವದಿಂದ ಒಂದು ಚಟುವಟಿಕೆ ಉಳಿಯಿತು’ ಅಂತ ಬರೆದ್ಬುಡಿ” ಎಂದು ಉಪಾಯ ಹೇಳಿಕೊಟ್ಟವನೂ ಅವನೇ. “ಸಮಯನ ಯಾರೂ ಇಲವಾಲಕ್ಕೆ ವರ್ಗ ಮಾಡಕ್ಕಾಗಲ್ಲ.”

ಸ್ಟಾಫ್ ರೂಮಿಗೆ ರೂಮೇ ನಕ್ಕಿತು. ಬೆಟ್ಟಮ್ಮ ಮಾತ್ರ, ಇವನು ಹೇಳಿಕೊಟ್ಟ ಸಾಲನ್ನು ನಾನು ಬರೆದರೆ ಇವನಿಗೇನು ಲಾಭ ಎಂದು ಯೋಚಿಸಿದರು. ಮನೆಯಲ್ಲಿ ಕರಡು ಬರೆದು, ಹರಿದು, ಮತ್ತೆ ಬರೆದು ತಮ್ಮದೇ ಒಂದು ಸಾಲು ತಯಾರಿಸಿಕೊಂಡರು: ಮಕ್ಕಳು ಉತ್ಸಾಹದಿಂದ ಉತ್ತರಿಸಿದರು, ಕಲಿಕೆ ತೃಪ್ತಿಕರ. ಪಾಠಟಿಪ್ಪಣಿಯಂತೆ ಅದನ್ನೂ ಎರಡು ದಿನ ಮುಂಚೆಯೇ ಬರೆದಿಡುವುದು ರೂಢಿಯಾಯಿತು. ಶುಕ್ರವಾರದ ಪಾಠದ ಹಿನ್ನೋಟ ಬುಧವಾರ ಸಂಜೆಗೇ ಮುಗಿದಿರುತ್ತಿತ್ತು.

ಆಗಸ್ಟ್‌ನ ಒಂದು ಗುರುವಾರ ಸಂಜೆ ಮೊಬೈಲಿಗೆ ಆದೇಶ ಬಂತು. ಮಾರನೆಯ ದಿನ, ಶಾಲೆಗೊಬ್ಬರಂತೆ, ಗಣಿತ ಶಿಕ್ಷಕರಿಗೆ ಒಂದು ದಿನದ ತರಬೇತಿ; ಇಲ್ಲಿಂದ ಬೆಟ್ಟಮ್ಮ. ವಿಷಯ, ಹಿನ್ನೋಟ ಬರೆಯುವುದು ಹೇಗೆ. ಹೋದರು, ಹಿಂದಿನ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿಂದು ಬಂದರು. ಅಷ್ಟರಲ್ಲಿ ಅಟೆಂಡರ್ ಪುಟ್ಟಣ್ಣ ಕಪಾಟಿನಲ್ಲಿದ್ದ ನೀಲಿ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಹೆಡ್‌ಮಾಸ್ಟರ್ ಮೇಜಿನ ಮೇಲಿಟ್ಟಿದ್ದ. ಶುಕ್ರವಾರ ಎಂಟನೇ ‘ಬಿ’ಯ ಮಕ್ಕಳು ಉತ್ಸಾಹದಿಂದ ಉತ್ತರಿಸಿದರು ಎಂಬ ಬೆಟ್ಟಮ್ಮನವರ ಪುಟವೂ ಅದರಲ್ಲಿತ್ತು. ಆ ಶುಕ್ರವಾರ ಎಂಟನೇ ‘ಬಿ’ಗೆ ಪಾಠ ಮಾಡಿದ್ದು ಚಂದ್ರಮೌಳಿ.

ಸೋಮವಾರ ಪುಸ್ತಕ ವಾಪಸು ಬಂದಾಗ ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಇತ್ತು. ‘ಉತ್ತರಿಸಿದವರು ಯಾರು?’

ಬೆಟ್ಟಮ್ಮ ಪುಟದ ಮೇಲಿನ ತಾರೀಖು ನೋಡಿದರು: ತಾವು ತರಬೇತಿಯಲ್ಲಿದ್ದ ಶುಕ್ರವಾರ. ತರಬೇತಿಗೆ ತನ್ನನ್ನೇ ಯಾಕೆ ಕಳಿಸಿದರು? ಅಮರೇಶನೂ ಗಣಿತದವನೇ ಅಲ್ಲವೆ, ಅವನನ್ನೇಕೆ ಕಳಿಸಲಿಲ್ಲ? ಬೈದಿದ್ದರೆ ಲೆಕ್ಕ ಸಿಗುತ್ತಿತ್ತು. ಪ್ರಶ್ನೆ ಕೇಳಿದ್ದು ಯಾಕೆ, ಅದೂ ಪೆನ್ಸಿಲ್ಲಿನಲ್ಲಿ?

“ಪೆನ್ಸಿಲ್ ಅಂದ್ರೆ ಅಳಿಸಬೋದು ಮೇಡಂ” ಎಂದ ಅಮರೇಶ್, ಭುಜದ ಮೇಲಿಂದ ಇಣುಕಿ.

“ಅಳಿಸೋದು ಯಾಕೆ? ನಾಳೆ ಅವರು ‘ನಾನು ಬರೆದೇ ಇಲ್ಲ’ ಅನ್ನೋಕೆ!” ಎಂದು ಪುಸ್ತಕ ಮುಚ್ಚಿದರು.

ಬಲೆಯೇ ಆಗಿದ್ದರೆ ಸಾಕ್ಷಿ ತನ್ನ ಕೈಯಲ್ಲಿರಲಿ ಎಂದುಕೊಂಡು, ಎಂಟನೇ ‘ಬಿ’ಯ ಮೂವತ್ತೆಂಟು ಹೆಸರುಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿದರು. ಯಾರು ಉತ್ತರ ಹೇಳಿದರೂ ಹೆಸರಿನ ಮುಂದೆ ಒಂದು ಚುಕ್ಕೆ. ನಾಲ್ಕು ದಿನದಲ್ಲಿ ಪಟ್ಟಿ ತುಂಬಿದರೆ ಹೆಡ್‌ಮಾಸ್ಟರ್ ಮೇಜಿನ ಮೇಲೆ ಇಟ್ಟು, ತಗೊಳ್ಳಿ ಸಾರ್, ಇವರೇ ಅನ್ನಬೇಕು.

ಗುರುವಾರದ ಹೊತ್ತಿಗೆ ಐದು ಹೆಸರುಗಳ ಮುಂದೆ ಚುಕ್ಕೆಗಳು ಇರುವೆ ಸಾಲಿನಂತೆ ಹರಿದಿದ್ದವು. ಉಳಿದ ಮೂವತ್ತಮೂರು ಹೆಸರುಗಳ ಮುಂದೆ ಬರೀ ಬಿಳಿ ಹಾಳೆ.

ಹೇಗೆ ಸಾಧ್ಯ? ಪ್ರತಿ ಲೆಕ್ಕದ ಕೊನೆಗೂ ಅವರು “ಅರ್ಥ ಆಯ್ತಾ?” ಎನ್ನುತ್ತಿದ್ದರು, ಇಡೀ ತರಗತಿ “ಆಯ್ತು ಮಿಸ್” ಎನ್ನುತ್ತಿತ್ತು. ಬೆಟ್ಟಮ್ಮ ಆ ದನಿಗಳಲ್ಲಿ ಎಲ್ಲಕ್ಕಿಂತ ಜೋರಾದದ್ದನ್ನು ಹುಡುಕಿದರು. ಕಿಟಕಿ ಪಕ್ಕದ ಸಿಂಚನ. ಅವಳ ಹೆಸರಿನ ಮುಂದೆ ಒಂದು ಚುಕ್ಕೆಯೂ ಇರಲಿಲ್ಲ. ಊಟದ ಬಿಡುವಿನಲ್ಲಿ ಕರೆದರು.

“ಸಮೀಕರಣದಲ್ಲಿ ಪ್ಲಸ್ ಐದು ಆ ಕಡೆ ಹೋದ್ರೆ ಮೈನಸ್ ಐದು ಯಾಕಾಗುತ್ತಮ್ಮ?”

“ನೀವು ಹೇಳಿಕೊಟ್ರಲ್ಲ ಮಿಸ್, ಅದಕ್ಕೆ.”

“ಅರ್ಥ ಆಗದಿದ್ರೆ ಆಯ್ತು ಅಂತ ಯಾಕೆ ಕಿರುಚ್ತೀಯ?”

ಹುಡುಗಿ ಬೈಗುಳ ಬರುತ್ತದೆಯೋ ಎಂದು ಮುಖ ನೋಡಿದಳು. ಬರಲಿಲ್ಲ. “ಇಲ್ಲ ಅಂದ್ರೆ ನೀವು ಇನ್ನೊಂದ್ಸಲ ಹೇಳ್ತೀರ ಮಿಸ್. ಅದನ್ನೇ. ಹಂಗೇ. ಇನ್ನೂ ಜೋರಾಗಿ. ಅದಕ್ಕೆ ನಾವೆಲ್ಲ ಮೊದ್ಲೇ ಆಯ್ತು ಅಂದ್ಬುಡ್ತೀವಿ.”

ಹಾಲಿನ ತಾರೀಖು, ಅಮರೇಶನ ನಗು, ಹೆಡ್‌ಮಾಸ್ಟರರ ಮೆದುಮಾತು ಎಲ್ಲವನ್ನೂ ಅನುಮಾನಿಸಿದ ಹೆಂಗಸು ಇಪ್ಪತ್ತಾರು ವರ್ಷ ಆ ಒಂದು ಕೂಗನ್ನು ಕಣ್ಣುಮುಚ್ಚಿ ನಂಬಿದ್ದರು. ಮಕ್ಕಳ ಎಷ್ಟು ತಂಡಗಳು ಹೀಗೆ ಅವರನ್ನು ಸಾಗಹಾಕಿದ್ದವೋ! ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಕರಡು ಹಾಳೆ ತೆಗೆಯಲಿಲ್ಲ. ನೇರ ನೀಲಿ ಪುಸ್ತಕದಲ್ಲೇ ಬರೆದರು. ಕಳೆದ ಶುಕ್ರವಾರ ನಾನು ತರಗತಿಯಲ್ಲಿರಲಿಲ್ಲ ಎಂದು ಬರೆದರು. ಮೂವತ್ತಮೂರು ಮಕ್ಕಳ ದನಿ ನಾನು ಕೇಳಿಯೇ ಇಲ್ಲ, ಆಯ್ತು ಎಂಬ ಉತ್ತರವನ್ನು ಅವರಿಗೆ ಕಲಿಸಿದವಳು ನಾನೇ ಎಂದು ಬರೆದರು. ಬರೆದು, ಮರಳಿ ಓದದೆ ಪುಟ್ಟಣ್ಣನ ಕೈಗೆ ಕೊಟ್ಟರು.

ಶುಕ್ರವಾರ ಮಧ್ಯಾಹ್ನ ಚಂದ್ರಮೌಳಿ ಕರೆಸಿದರು. ಪುಸ್ತಕ ಮೇಜಿನ ಮೇಲೆ ತೆರೆದಿತ್ತು.

“ಓದಿದೆ ಮೇಡಂ. ನಿಮಗೊಂದು ಮಾತು ಹೇಳಬೇಕು. ಟ್ರಸ್ಟಿನವರು ಗಣಿತದ ಎರಡೂ ಪುಸ್ತಕ ಕೇಳಿದ್ದಾರೆ. ನಾಳೆ ಹತ್ತು ಗಂಟೆಗೆ. ಕೊಡಲ್ಲ ಅಂದೆ, ಕೊಡಲೇಬೇಕು ಅಂದ್ರು.”

“ನನಗೆ ಮೊದಲ ದಿನವೇ ಗೊತ್ತಿತ್ತು.”

“ನನಗೆ ಗೊತ್ತಿರಲಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.” ಅವರು ಪುಸ್ತಕವನ್ನು ಈಚೆ ತಳ್ಳಿದರು. “ಈ ಪುಟ ಹರಿದುಬಿಡಿ. ನಾನು ನೋಡಿಲ್ಲ.”

ಬೆಟ್ಟಮ್ಮ ಅವರ ಮುಖವನ್ನೇ ನೋಡಿದರು. ಹರಿದರೆ, ಹರಿದಳು ಎಂದು ಹೇಳುವುದಕ್ಕೋ? ನಿಜವಾಗಿ ಉಳಿಸುವುದಕ್ಕೋ? ಆ ಮುಖದಲ್ಲಿ ಏನೂ ತಿಳಿಯಲಿಲ್ಲ.

“ಅಮರೇಶ್ ಏನು ಬರೆದಿದ್ದಾನೆ ಸಾರ್?”

“ಸಮಯದ ಅಭಾವ.”

ಅವರಿಗೆ ನಗು ಬಂತು. ಪುಟದ ಅಂಚು ಹಿಡಿದರು. ಇದು ಹೋದರೆ ಹಿಂದಿನದು ಉಳಿಯುತ್ತದೆ: ತಾನಿಲ್ಲದ ತರಗತಿಯಲ್ಲಿ ಉತ್ಸಾಹದಿಂದ ಉತ್ತರಿಸಿದ ಮಕ್ಕಳು. ಆ ಪುಟ ತೋರಿಸಿ ಗಣಿತವನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಂಡು, ಮತ್ತೆ ಆ ಮೂವತ್ತೆಂಟು ಮಕ್ಕಳ ಎದುರು ನಿಂತು, ಅರ್ಥ ಆಯ್ತಾ ಎನ್ನಬೇಕು.

ಗಂಟೆ ಹೊಡೆಯಿತು. ಅವರು ಪುಸ್ತಕ ಮುಚ್ಚಿ ಹೆಡ್‌ಮಾಸ್ಟರರ ಕಡೆಗೇ ಸರಿಸಿದರು.

“ಇರ್ಲಿ ಬುಡಿ ಸಾರ್. ಹಿಂದಿನ ಪುಟಾನೂ ಇರ್ಲಿ. ನಾಳೆ ಏನಾದ್ರೂ ಕೇಳಿದ್ರೆ ನನ್ನನ್ನೇ ಕರೀರಿ, ಬಂದು ಹೇಳ್ತೀನಿ.”

“ಇನ್ನೊಂದು ಸಲ ಯೋಚನೆ ಮಾಡಿ ಮೇಡಂ. ಕೂತ್ಕೊಳ್ಳಿ ಒಂದ್ನಿಮಿಷ.”

“ಈಗ ಎಂಟು ‘ಬಿ’ ಇದೆ ಸಾರ್,” ಎನ್ನುತ್ತಾ ಬೆಟ್ಟಮ್ಮ ಆಗಲೇ ಹೊಸಿಲು ದಾಟಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, ಹಿಂದೆ ತಿರುಗದೆ, “ಸಿಂಚನ ಅವರಪ್ಪನ ಅಂಗಡಿಯಿಂದ ತಕ್ಕಡಿ ಹೊತ್ಕೊಂಡು ಬಂದವ್ಳೆ, ಎರಡು ತಟ್ಟೆಗೂ ಸಮ ಇಟ್ಟು ಈ ಕಡೆಯಿಂದ ಐದು ಕಲ್ಲು ತೆಗೆದ್ರೆ ಆ ಕಡೆಯಿಂದ್ಲೂ ಯಾಕೆ ತೆಗೀಬೇಕು ಅಂತ ಇವತ್ತು ಅವರೇ ನನಗೆ ಹೇಳ್ಬೇಕು.”