ಸಿಲುವದಾಸನ ಮಹಡಿಗೆ ಪನಿಯಡಿಮನ ತಕರಾರು

ಕಲ್ಲಂತುರದ ಪನಿಯಡಿಮ ತನ್ನ ಭಾಮೈದ ಸಿಲುವದಾಸನ ಮನೆಯ ಮೇಲೆ ಮಹಡಿ ಏಳಬಾರದು ಎಂದು ಇಗರ್ಜಿಯ ಸಮಿತಿಗೆ ದೂರು ಕೊಟ್ಟ. ಕಾರಣವೇನೆಂದು ಕೇಳಿದರೆ, "ಕಾರಣ ಇದೆ" ಎಂದ. ಅದರಾಚೆಗೆ ಅವನ ಬಾಯಿಂದ ಏನೂ ಹೊರಡಲಿಲ್ಲ.

ಹೊಟ್ಟೆಕಿಚ್ಚು ಎಂದು ಊರು ತೀರ್ಮಾನಿಸಿತು. ಪನಿಯಡಿಮನದು ಹೆಂಚಿನ ಮನೆ, ಸಿಲುವದಾಸನದು ತಾರಸಿಯದು. ಇನ್ನೊಂದು ಅಂತಸ್ತು ಎದ್ದರೆ ಯಾರಿಗಾದರೂ ಹೊಟ್ಟೆ ಉರಿಯುವುದೇ.

ಪನಿಯಡಿಮನಿಗೆ ಅರವತ್ತು ದಾಟಿದೆ. ಬಲೆ ಮುಟ್ಟಿದವನಲ್ಲ, ಸಿಲುವದಾಸನಂತೆಯೇ ಗಾಳದವನು. ಕಡಲಿಗೆ ಹೋಗುವಾಗ ನಿಮಿಷಕ್ಕೊಮ್ಮೆ ತಿರುಗಿ ದಡ ನೋಡುವುದು ಅವನಿಗೆ ಎಷ್ಟು ರೂಢಿಯಾಗಿದೆಯೆಂದರೆ, ಮದುವೆಯ ದಿನ ಇಗರ್ಜಿಗೆ ನಡೆಯುವಾಗಲೂ ತಿರುಗಿ ತಿರುಗಿ ನೋಡಿದ್ದ. ಹುಡುಗನಿಗೆ ಬೇರೆ ಯಾರೋ ಇದ್ದಾರೆಂದು ಹೆಣ್ಣಿನ ತಾಯಿ ಹೆದರಿದ್ದಳು.

ಇದ್ದದ್ದು ಒಂದು ಪಾರು. ಕಡಲ ತಳದಲ್ಲಿ ಕೆಸರಿನ ನಡುವೆ ಎದ್ದಿರುವ ಬಂಡೆಸಾಲಿಗೆ ಇಲ್ಲಿ ಹಾಗೆನ್ನುತ್ತಾರೆ. ಕಲವ, ಬೊಂಡಾಸ, ಕೆಂಪು ಚೆಂಬಲ್ಲಿ, ಹೀಗೆ ಒಳ್ಳೆಯ ಮೀನೆಲ್ಲ ಅಲ್ಲಿ ಸೇರುತ್ತವೆ. ನೀರಿನ ಮೇಲೆ ಅದಕ್ಕೆ ಗುರುತಿಲ್ಲ, ಗುರುತಿರುವುದು ದಡದಲ್ಲಿ. ಪನಿಯಡಿಮ ದೋಣಿಯಿಂದ ನೋಡಿದಾಗ ಸಿಲುವದಾಸನ ತಾರಸಿಯ ಮೂಲೆಯ ಮೇಲೆ ಸರಿಯಾಗಿ, ಹಿಂದಿನ ಕೆಂಪು ದಿಬ್ಬದ ಬುಡದ ಬಿಳಿ ಬಂಡೆ ಕೂರಬೇಕು. ಅದು ಒಂದು ಗೆರೆ. ದಕ್ಷಿಣಕ್ಕೆ, ಕೋಡುಗಲ್ಲಿನ ಹಿಂದಿನಿಂದ ದೀಪಸ್ತಂಭದ ತಲೆ ಇಣುಕಬೇಕು. ಅದು ಇನ್ನೊಂದು. ಎರಡೂ ಕೂಡಿದಲ್ಲಿ ಕಲ್ಲು ಇಳಿಸಿದರೆ ಕೆಳಗೆ ಪಾರು. ಅವನ ಅಪ್ಪ ಅದಕ್ಕೆ ತನ್ನ ತಾಯಿಯ ಹೆಸರಿಟ್ಟು ತೆರೇಸಪಾರು ಎಂದು ಕರೆಯುತ್ತಿದ್ದ. ಮಗನ ಹೊರತು ಯಾರಿಗೂ ಹೇಳಿರಲಿಲ್ಲ.

ಗುರುತಿನ ಜೊತೆಗೆ ಅಪ್ಪ ಕೆಲವು ಕಟ್ಟಳೆಗಳನ್ನೂ ಬಿಟ್ಟುಹೋಗಿದ್ದ. ಗಾಳ ಮಾತ್ರ, ಬಲೆ ಇಲ್ಲ. ಕಬ್ಬಿಣದ ಲಂಗರು ಬೇಡ, ನಾರಿನ ಹಗ್ಗಕ್ಕೆ ಕಟ್ಟಿದ ಕಲ್ಲು ಸಾಕು. ತಪಸ್ಸುಕಾಲದಲ್ಲಿ, ಕಲವದ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುವಾಗ, ಈಸ್ಟರ್ ಕಳೆಯುವ ತನಕ ಆ ಕಡೆ ಹೋಗುವಂತಿಲ್ಲ.

ದೋಣಿಯಲ್ಲಿ ದಾರಿ ತೋರುವ ಯಂತ್ರ ಅವನಿಗೂ ಗೊತ್ತು. ಅದು ಮಾಡಿದ ಕೆಲಸವೂ ಗೊತ್ತು. ದಕ್ಷಿಣದ ಒಂದು ಪಾರನ್ನು ಪಕ್ಕದೂರಿನವನೊಬ್ಬ ಫೋನಿನಲ್ಲಿ ಗುರುತು ಹಾಕಿಕೊಂಡು ಗೆಳೆಯನಿಗೆ ಕಳಿಸಿದ. ಗೆಳೆಯನಿಗೂ ಗೆಳೆಯರಿದ್ದರು. ಓಣಂ ಹೊತ್ತಿಗೆ ಎಲ್ಲೆಲ್ಲಿಂದಲೋ ದೊಡ್ಡ ಬೋಟುಗಳು ದೀಪ ಹಚ್ಚಿಕೊಂಡು ಬಂದು ಬಲೆ ಸುತ್ತಿದವು. ಈಗ ಅಲ್ಲಿ ಗಾಳ ಹಾಕಿದರೆ ಹರಿದ ಬಲೆ ಸಿಗುತ್ತದೆ. ಒಳ್ಳೆಯ ಗಾತ್ರದ್ದೇ ಸಿಗುತ್ತದೆ.

ಹಾಗಾಗಿ ಪನಿಯಡಿಮನ ಇಕ್ಕಟ್ಟು ಇಷ್ಟೇ. ಮಹಡಿ ಎದ್ದರೆ ಬಿಳಿ ಬಂಡೆ ಮುಚ್ಚಿಹೋಗುತ್ತದೆ, ಪಾರು ಕೈತಪ್ಪುತ್ತದೆ. ಯಾಕೆ ಏಳಬಾರದು ಎಂದು ಹೇಳಿದರೆ ಪಾರು ಎಲ್ಲರ ಕೈಗೆ ಸಿಗುತ್ತದೆ, ಆಮೇಲೆ ಯಾರಿಗೂ ಸಿಗುವುದಿಲ್ಲ.

ಮಹಡಿ ಬೇಕಾಗಿದ್ದುದು ಸಿಲುವದಾಸನ ಮಗಳು ಜಸಿಂತಳಿಗೆ. ಅವಳು ಪಟ್ಟಣದಲ್ಲಿ ಕಡಲ ಜೀವಿಗಳ ಬಗ್ಗೆ ಓದಿ, ಗಂಡ, ಮಗು ಮತ್ತು ನೀರಿಗಿಳಿಯುವ ಗಾಳಿ ಸಿಲಿಂಡರುಗಳೊಂದಿಗೆ ಊರಿಗೆ ಮರಳಿದ್ದಳು. ಊರಿನ ಪಾರುಗಳ ನಕ್ಷೆ ಮಾಡಿ, ಅಲ್ಲಿಗೆ ಬಲೆಬೋಟು ಬಾರದಂತೆ ಇಲಾಖೆಯಿಂದ ಆಜ್ಞೆ ತರಿಸುವುದು ಅವಳ ಉದ್ದೇಶ. ಅವಳು ಕೇಳಿದ ಕೂಡಲೇ ಹಿರಿಯರು ಜಾಗ ಹೇಳಿದರು. ಅವಳು ಒಂದೊಂದಾಗಿ ಇಳಿದು ನೋಡಿದಳು.

"ಮಾಮ, ನೀವು ಹೇಳಿದಲ್ಲಿ ಬರೀ ಕೆಸರು" ಎಂದಳು ಪನಿಯಡಿಮನಿಗೆ.

"ಹೌದಾ? ಸರಿದಿರಬೇಕು."

"ಪಾರು ಸರಿಯುತ್ತಾ ಮಾಮ?"

"ನೀನು ಓದಿದವಳು, ನೀನೇ ಹೇಳು."

ಎರಡು ಮನೆಗಳ ನಡುವೆ ಹಳೆಯ ವ್ಯಾಜ್ಯವೂ ಒಂದಿತ್ತು. ಪನಿಯಡಿಮನ ಹೆಂಡತಿ ಲೂರ್ದಮ್ಮನಿಗೆ ತವರಿನಿಂದ ಬಂದ ಆ ಹೆಂಚಿನ ಮನೆಯ ಅಂಗಳದಲ್ಲಿ ಕಡಲ ಕಡೆಗೆ ವಾಲಿದ ತೆಂಗಿನ ಮರವಿದೆ. ಕಾಯಿ ಬಿದ್ದು ಹೆಂಚು ಒಡೆಯುತ್ತಿತ್ತು. ಅವಳು ಕಡಿಸಲು ಹೊರಟಾಗಲೆಲ್ಲ ತಮ್ಮ ಸಿಲುವದಾಸ ಓಡಿಬಂದು, ಅಮ್ಮ ನೆಟ್ಟ ಮರ ಎಂದು ಕಣ್ಣೀರು ಹಾಕುತ್ತಿದ್ದ.

"ನಮ್ಮಮ್ಮ ಒಂದು ಮೆಣಸಿನ ಗಿಡ ನೆಟ್ಟೋಳಲ್ಲ" ಎನ್ನುತ್ತಿದ್ದಳು ಲೂರ್ದಮ್ಮ. ಆದರೂ ಗಂಡಸು ಅಳುವುದನ್ನು ನೋಡಲಾಗದೆ ಬಿಡುತ್ತಿದ್ದಳು.

ದೂರಿನ ವಿಚಾರಣೆ ಭಾನುವಾರದ ಪೂಜೆಯ ನಂತರ ಇಗರ್ಜಿಯ ಹಾಲ್‌ನಲ್ಲಿ ನಡೆಯಿತು. ಪಾದ್ರಿ ಪೂರ್ವದ ಬೆಟ್ಟದ ಊರಿನವರು, ಬಂದು ವರ್ಷವಾಗಿರಲಿಲ್ಲ.

"ಕಾರಣ ಹೇಳದೆ ಇದ್ರೆ ನಾನು ಮಹಡಿಗೆ ಒಪ್ಪಿಗೆ ಕೊಡಲೇಬೇಕಾಗುತ್ತೆ, ಪನಿಯಡಿಮ" ಎಂದರು.

"ಏನು ಹೇಳ್ತಾರೆ ಅಚ್ಚೋ? ಹೊಟ್ಟೆಕಿಚ್ಚಿಗೆ ಕಾರಣ ಇರುತ್ತಾ?" ಎಂದ ಸಿಲುವದಾಸ ಪಾದ್ರಿಗೆ. "ಭಾವ, ಬೇಕಾದ್ರೆ ಸಂಜೆ ಹೊತ್ತು ಬಂದು ನೀವೂ ಮೇಲೆ ಗಾಳಿಗೆ ಕೂತ್ಕೊಳ್ಳಿ. ಬಾಡಿಗೆ ಕೇಳಲ್ಲ."

ಹಾಲ್ ನಕ್ಕಿತು. ಪನಿಯಡಿಮ ಎದ್ದು ನಿಂತ. ರೂಢಿಯಂತೆ ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

"ಮಹಡಿ ಎದ್ರೆ ಬಿಳಿ ಬಂಡೆ ಮುಚ್ಚಿಹೋಗುತ್ತೆ" ಎಂದ.

"ಮುಚ್ಚಲಿ ಬಿಡಿ. ಬಂಡೆಗೇನು ತೊಂದರೆ?" ಎಂದರು ಪಾದ್ರಿ.

ಅರ್ಥವಾಗದಿದ್ದುದು ಅವರೊಬ್ಬರಿಗೇ. ಒಂದು ಮನೆ, ಅದರ ಹಿಂದೆ ಒಂದು ಬಂಡೆ ಎಂದರೆ ಏನೆಂದು ಅಲ್ಲಿದ್ದ ಪ್ರತಿ ಗಂಡಸಿಗೂ ಗೊತ್ತು. ಎಲ್ಲರ ತಲೆಯಲ್ಲೂ ಗೆರೆ ಕಡಲ ಕಡೆಗೆ ಓಡುತ್ತಿತ್ತು. ಪನಿಯಡಿಮ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಅಪ್ಪ ಕೊಟ್ಟ ಆಸ್ತಿಯನ್ನು ಒಂದೇ ವಾಕ್ಯದಲ್ಲಿ ಕಳೆದವನ ಮುಖ ಹೇಗಿರಬೇಕೋ ಹಾಗಿತ್ತು.

ಹಿಂದಿನ ಬೆಂಚಿನಿಂದ ಮುದುಕ ಮುತ್ತಪ್ಪನ್ ಕೆಮ್ಮಿದ. "ಸಿಲುವದಾಸನ ಮನೆ, ಬಿಳಿ ಬಂಡೆ... ಅದು ಪೀಠಪಾರು ಅಲ್ವೇನೋ? ಅದಕ್ಕೆ ಬಂಡೆ ಯಾಕೆ? ಸಮಾಧಿ ತೋಟದ ಶಿಲುಬೆ ಹಿಡಿದು ಹೋದ್ರೆ ಸಾಕಲ್ಲ."

"ಯಾವ ಪೀಠಪಾರು?" ಇನ್ನೊಬ್ಬ ಎದ್ದ. "ಅದು ನಮ್ಮಜ್ಜನ ಪಾರು! ಶಾಲೆ ಗಂಟೆಕಂಬಕ್ಕೆ ಸರಿಯಾಗಿ ಇರೋದು."

"ನಿಮ್ಮಜ್ಜ ನಮ್ಮಜ್ಜನ ಹಿಂದೆ ಕದ್ದು ಬಂದು ನೋಡ್ಕೊಂಡಿರಬೇಕು!"

ಆಮೇಲೆ ಯಾರು ಏನೆಂದರು ಎಂದು ಬರೆಯುವುದು ಕಷ್ಟ. ಗದ್ದಲ ತಗ್ಗಿದಾಗ ತಿಳಿದದ್ದಿಷ್ಟು: ಊರಿನ ಗಾಳದವರೆಲ್ಲ ತಲೆಮಾರುಗಳಿಂದ ಒಂದೇ ಪಾರನ್ನು, ಬೇರೆ ಬೇರೆ ಹೆಸರು ಮತ್ತು ಬೇರೆ ಬೇರೆ ಗುರುತು ಇಟ್ಟುಕೊಂಡು, ಒಬ್ಬರಿಗೊಬ್ಬರು ತಿಳಿಯದಂತೆ ಕಾಯುತ್ತಿದ್ದರು. ಅಲ್ಲಿರುವಾಗ ಇನ್ನೊಂದು ದೋಣಿ ಕಂಡರೆ ಗಾಳ ಎಳೆದುಕೊಂಡು ಎಂಜಿನ್ ರಿಪೇರಿಗೆ ಕೂರುವುದು ಎಲ್ಲರ ಪದ್ಧತಿ.

"ಆ ಜಾಗದಲ್ಲೇ ನಮ್ಮೂರ ಎಂಜಿನ್‌ಗಳು ಯಾಕಿಷ್ಟು ಕೆಡ್ತವೆ ಅಂತ ನಾನು ಯೋಚಿಸ್ತಾನೇ ಇದ್ದೆ" ಎಂದಳು ಜಸಿಂತ.

ಲೂರ್ದಮ್ಮ ಗಂಡನ ಕಡೆ ತಿರುಗಿದಳು. "ಇಷ್ಟು ವರ್ಷ ನನ್ನ ಹತ್ರ ಬಾಯಿ ಬಿಡಲಿಲ್ಲ ಈ ಮನುಷ್ಯ. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ."

ನಗು ಬೇಗ ಆರಿತು. ಗುಟ್ಟು ಒಬ್ಬೊಬ್ಬರ ಹೊಟ್ಟೆಯಲ್ಲಿ ಇದ್ದಾಗ ಪಾರು ಉಳಿದಿತ್ತು. ಈಗ ಅದು ಹಾಲ್‌ನ ನಡುವೆ ಬಿದ್ದಿದೆ, ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ.

"ತಪಸ್ಸುಕಾಲದಲ್ಲಿ ಅಲ್ಲಿಗೆ ಯಾರು ಹೋಗ್ತೀರಿ?" ಜಸಿಂತ ಕೇಳಿದಳು.

ಯಾರೂ ಹೋಗುವುದಿಲ್ಲ. ಲಂಗರು? ಕಲ್ಲಿನದು. ಬಲೆ? ಛೆ. ಯಾರು ಮಾಡಿದ ನಿಯಮ ಎಂದು ಪಾದ್ರಿ ಕೇಳಿದರು. ನಮ್ಮಪ್ಪ, ಎಂದರು ಎಲ್ಲರೂ.

ಮುಂದಿನ ಭಾನುವಾರ ಪೀಠದಿಂದ ಆ ಕಟ್ಟಳೆಗಳನ್ನು ಊರಿನ ನಿಯಮವೆಂದು ಓದಲಾಯಿತು. ಗುರುತುಗಳನ್ನು ಓದಲಿಲ್ಲ. ಪಾರನ್ನು ಫೋನಿಗೆ ಹಾಕಿದವನ ಫೋನು ಕಡಲಿಗೆ, ಎಂದು ಮುತ್ತಪ್ಪನ್ ಸೇರಿಸಿದ. ಅದನ್ನೂ ಪಾದ್ರಿ ಓದಿದರು. ಇಲಾಖೆಗೆ ಕಳಿಸುವ ನಕ್ಷೆಯಲ್ಲಿ ಜಸಿಂತ ಪಾರಿನ ಜಾಗಕ್ಕೆ ಚುಕ್ಕೆ ಇಡದೆ, ಅದು ಎಲ್ಲೋ ಒಳಗಿರುವಂತೆ ದೊಡ್ಡದೊಂದು ಚೌಕ ಎಳೆದಳು. "ಚೌಕ ದೊಡ್ಡದಾದಷ್ಟೂ ಹುಡುಕೋರಿಗೆ ಕೆಸರು ಜಾಸ್ತಿ ಸಿಗುತ್ತೆ, ಮಾಮ. ಇದನ್ನ ನಿಮ್ಮಿಂದಲೇ ಕಲಿತಿದ್ದು" ಎಂದಳು. ಇಲಾಖೆ ಚೌಕವನ್ನು ಒಂದು ಬದಿಯಲ್ಲಿ ಕತ್ತರಿಸಿ ಒಪ್ಪಿತು. ಕತ್ತರಿಸಿದ್ದು ಕೆಸರಿನ ಭಾಗ.

ಮಹಡಿಯೂ ಎದ್ದಿತು. ಇಷ್ಟೊಂದು ಗುರುತುಗಳಿರುವಾಗ ಒಂದು ಬಂಡೆಗಾಗಿ ಮನೆ ನಿಲ್ಲಿಸುವುದು ಸರಿಯಲ್ಲ ಎಂದು ಸಮಿತಿ ಹೇಳಿತು. ಹಾಲ್‌ನಲ್ಲಿ ಹೊರಬಿದ್ದವೆಲ್ಲ ಅರ್ಧ ಗುರುತುಗಳು. ಪನಿಯಡಿಮ ಆಮೇಲೆ ಮೂರು ಸಲ ಕಡಲಿಗೆ ಹೋಗಿ, ದೀಪಸ್ತಂಭದ ಗೆರೆಯ ಮೇಲೆ ಅತ್ತಿತ್ತ ಅಲೆದು, ಕೆಸರಿನ ಏಡಿ ಹಿಡಿದುಕೊಂಡು ಬಂದ.

"ತಮ್ಮನಿಗೆ ಮಹಡಿ ಸಿಕ್ತು. ಇನ್ನು ನನ್ನ ಹೆಂಚು ಉಳೀಲಿ" ಎಂದು ಲೂರ್ದಮ್ಮ ಮರ ಕಡಿಯುವವನಿಗೆ ಹೇಳಿಕಳಿಸಿದಳು. ಪನಿಯಡಿಮ ಆಗಲಿ ಎಂದ. ಮರ ಕಡಿಯುವವನು ಹಗ್ಗ, ಕೊಡಲಿ ಹಿಡಿದು ಅಂಗಳಕ್ಕೆ ಬಂದ ಬೆಳಿಗ್ಗೆ ಪನಿಯಡಿಮ ಮೊದಲ ಬಾರಿಗೆ ಸಿಲುವದಾಸನ ಮಹಡಿ ಹತ್ತಿದ್ದ.

"ಸಿಲುವಾ, ನೀನು ಯಾವ ಗುರುತು ಹಿಡಿದು ಹೋಗೋದು?"

ಸಿಲುವದಾಸ ಕಿಟಕಿಯಿಂದ ಹೊರಗೆ ನೋಡಿದ. ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದಂತಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಕೊಡಲಿ ಕಂಡಿತು.

"ಭಾವ! ಆ ಮರ!"

"ಅಮ್ಮ ನೆಟ್ಟಿದ್ದು, ಗೊತ್ತು."

"ಅಮ್ಮನೂ ಇಲ್ಲ, ಏನೂ ಇಲ್ಲ! ಅದರ ಹಿಂದೆ ಇಗರ್ಜಿ ಗೋಪುರ ಬರಬೇಕು!"

ಅರವತ್ತು ದಾಟಿದವನು ಮೆಟ್ಟಿಲು ಇಳಿದ ವೇಗವನ್ನು ಜಸಿಂತಳ ಮಗು ನೋಡಿ ಚಪ್ಪಾಳೆ ತಟ್ಟಿತು. ಕೊಡಲಿಯವನು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಪನಿಯಡಿಮ ಮರಕ್ಕೆ ಬೆನ್ನು ಕೊಟ್ಟು ನಿಂತ.

"ಕಡೀಬೇಡ."

"ಯಾಕೆ?" ಎಂದಳು ಲೂರ್ದಮ್ಮ.

"ಕಾರಣ ಇದೆ."

ಅವಳು ಗಂಡನನ್ನು ನೋಡಿದಳು. ತೆಂಗನ್ನು ನೋಡಿದಳು. ತಿರುಗಿ, ಹಿಂದಿನ ಇಗರ್ಜಿ ಗೋಪುರವನ್ನು ನೋಡಿದಳು.

"ಕಾಯಿ ಮಾತ್ರ ಇಳಿಸಿ ಹೋಗಪ್ಪ" ಎಂದಳು ಕೊಡಲಿಯವನಿಗೆ.