ಬೊಂಬೆ ಸೈನ್ಯದ ಕ್ಯಾಪ್ಟನ್

ಆಫೀಸಿನಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಸೈನ್ಯದಲ್ಲಿ ಹನ್ನೊಂದು ವರ್ಷ ಮಣ್ಣು ಹೊತ್ತು ಬರೀ ಸಿಪಾಯಿಯಾಗಿಯೇ ಹೊರಬಂದವನಿಗೆ ಈ ಬಡ್ತಿ ಕೊಟ್ಟದ್ದು ಒಂದು ಆಟಿಕೆ ಕಂಪನಿ. ಅದು ಮಾರುವ ಪ್ಲಾಸ್ಟಿಕ್ ಸೈನಿಕರ ಸಾಹಸಗಳು ತಿಂಗಳಿಗೊಂದು ಕಾಮಿಕ್ಸ್ ಆಗಿ ಬರುತ್ತಿದ್ದವು. ಚಿತ್ರಗಳಲ್ಲಿನ ತಪ್ಪು ಹುಡುಕುವುದು ಅವನ ಕೆಲಸ. ಬಂದೂಕು ಹಿಡಿದ ಕೈ, ಬೂಟಿನ ಲೇಸು, ತೆವಳುವ ರೀತಿ, ಎಲ್ಲದರ ಮೇಲೂ ಅವನ ಕೆಂಪು ಪೆನ್ಸಿಲ್ ಓಡುತ್ತಿತ್ತು.

"ಗುಂಡು ತಗುಲಿದವನು ಹೀಗೆ ಓಡಲ್ಲ ಸಾರ್," ಎಂದರೆ ಸಂಪಾದಕ ನಗುತ್ತಿದ್ದ.

"ಅವನು ಓಡದಿದ್ರೆ ಬೊಂಬೆ ಯಾರು ಕೊಳ್ತಾರೆ, ಕ್ಯಾಪ್ಟನ್?"

ಯಾರೂ ಸಾಯುವಂತಿಲ್ಲ, ಸತ್ತವನ ಬೊಂಬೆಯನ್ನು ಯಾರೂ ಮುಟ್ಟುವುದಿಲ್ಲ. ಕಂಪನಿಯ ಕಾನೂನು ಅಷ್ಟೇ. ಯುದ್ಧ ಬೇಕು, ಹೆಣ ಬೇಡ.

ಆರು ವರ್ಷ ತಲೆಯಾಡಿಸಿದವನಿಗೆ ಏಳನೆಯ ವರ್ಷ ತಡೆಯಲಾಗಲಿಲ್ಲ. ಒಂದಾದರೂ ನಿಜವಿರಲಿ ಎಂದು ತನ್ನ ಗೆಳೆಯನ ಸಾವನ್ನು ಬರೆದುಕೊಟ್ಟ. ಒಣ ಕಾಲುವೆ, ಹೊಟ್ಟೆಗೆ ಬಿದ್ದ ಗುಂಡು, ನಾಲ್ಕು ಗಂಟೆ ಕಾಲ ನೀರು ನೀರು ಎಂದು ಕೊನೆಗೆ "ಅಕ್ಕಾ" ಎಂದವನು. ಹೊಟ್ಟೆಗೆ ಗಾಯವಾದವನಿಗೆ ನೀರು ಕೊಡಬಾರದೆಂದು ಕಲಿಸಿದ್ದರು. ಸೊಂಟದಲ್ಲಿ ತುಂಬಿದ ಬಾಟಲಿ ಇದ್ದೂ ಇವನು ಕೊಟ್ಟಿರಲಿಲ್ಲ.

ಚಿತ್ರಕಾರ ಮೂರು ಪುಟಗಳನ್ನು ಜೀವ ತೇಯ್ದು ಬಿಡಿಸಿದ. ನಾಲ್ಕನೆಯದನ್ನು ಕಂಪನಿ ತನಗೆ ಬೇಕಾದಂತೆ ಬರೆಸಿಕೊಂಡಿತು. ಆರು ಚಕ್ರದ ಹೊಸ ಗಾಡಿ ಬರುತ್ತದೆ, ಗಾಯಾಳು ಎದ್ದು ಅದನ್ನೇರಿ ಶತ್ರುಗಳನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಆ ಗಾಡಿ ಅದೇ ತಿಂಗಳು ಅಂಗಡಿಗೆ ಬರಬೇಕಿತ್ತು. ಪುಸ್ತಕದ ಹಿಂಬದಿಯಲ್ಲಿ ಎಂದಿನಂತೆ ಇವನ ಫೋಟೋ. ಕೆಳಗೆ 'ನಿಜ ಸೈನಿಕ ಕಂಡ ನಿಜ ಕಥೆ'.

ಆ ಫೋಟೋಗಾಗಿಯೇ ಗೆಳೆಯನ ಅಕ್ಕ ಪ್ರತಿ ಸಂಚಿಕೆ ಕೊಳ್ಳುತ್ತಿದ್ದಳೆಂದು ಅವನಿಗೇನು ಗೊತ್ತು? ವಾರದೊಳಗೆ ಆಕೆ ಆಫೀಸಿಗೇ ಬಂದಳು, ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಗುಂಡು ಬಿದ್ದ ಕೂಡಲೇ ಹೋದ, ನೋವೇ ಗೊತ್ತಾಗ್ಲಿಲ್ಲ ಅಂದಿದ್ದೆ ನೀನು. ಇಲ್ಲಿ ನೋಡಿದ್ರೆ ನಾಲ್ಕು ಗಂಟೆ ನೀರು ಕೇಳಿದ್ದಾನೆ. ಅಕ್ಕಾ ಅಂತ ಕರೆದಿದ್ದಾನೆ. ಯಾವುದಪ್ಪಾ ನಿಜ?"

ಹೇಳಬೇಕೆಂದರೆ ಇದೇ ಸಮಯ. ಅದಕ್ಕಾಗಿಯೇ ತಾನೇ ಇಷ್ಟೆಲ್ಲ ಬರೆದದ್ದು? ಆಕೆ ಆ 'ಅಕ್ಕಾ' ಎಂಬ ಮಾತಿನ ಮೇಲೆಯೇ ಬೆರಳಿಟ್ಟುಕೊಂಡಿದ್ದಳು. ಅವನು ನಾಲ್ಕನೆಯ ಪುಟ ತಿರುವಿದ.

"ನೋಡಕ್ಕಾ, ಇಲ್ಲಿ ಎದ್ದು ಗಾಡಿ ಹತ್ತಿದ್ದಾನಲ್ಲ. ಬೊಂಬೆ ಮಾರೋಕೆ ಕಟ್ಟಿದ ಕಥೆ ಇದು. ಎಲ್ಲಾ ಸುಳ್ಳು."

"ಸದ್ಯ," ಎಂದು ಆಕೆ ಕುರ್ಚಿಯಲ್ಲಿ ಕುಸಿದಳು. ಕಣ್ಣೊರೆಸಿಕೊಂಡ ಮೇಲೆ ಸಿಟ್ಟು ಬಂತು.

"ಸತ್ತವನನ್ನ ಇಟ್ಕೊಂಡು ಇಂಥ ಸುಳ್ಳು ಬರೆಯೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೋ?"

"ತಪ್ಪಾಯ್ತಕ್ಕಾ," ಎಂದ ಅವನು.